ಇಪ್ಪತ್ತು ಹೆಜ್ಜೆ ಈಚೆಗೆ

ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇರುತ್ತದೆ. ಒಂದೇ ಒಂದು ದಾರಿಯ ನಕ್ಷೆಯನ್ನು ಹನ್ನೊಂದು ಸಲ ಬದಲಾಯಿಸಿದ್ದೇನೆ, ಹನ್ನೊಂದು ಸಲವೂ ಯಾರ ಮೇಲಾದರೂ ಹರಿಹಾಯ್ದಿದ್ದೇನೆ. ಹನ್ನೆರಡನೆಯ ಸಲ ಮಾತ್ರ ಬೈದು ದಕ್ಕಿಸಿಕೊಳ್ಳಲು ಆಗಲಿಲ್ಲ, ಬದಲಾಯಿಸು ಎಂದವಳು ನನ್ನ ಅಮ್ಮ.

ಗುಡ್ಡದ ನೆತ್ತಿಯ ಮೇಲೊಂದು ಕಲ್ಲಿನ ಮಂಟಪವಿದೆ. ಎಷ್ಟು ಹಳೆಯದೆಂದರೆ, ಕಟ್ಟಿದವರು ಯಾರೆಂದು ಹೇಳುವವರೂ ಇಲ್ಲ. ಹಿಂಬದಿಯಿಂದ ನಲವತ್ತಮೂರು ಮೆಟ್ಟಿಲು, ಒಂದೊಂದೂ ಮೊಣಕಾಲೆತ್ತರ. ಅಮ್ಮ ಅಲ್ಲಿ ಇಪ್ಪತ್ತಾರು ವರ್ಷ ಕಲ್ಲು ತೊಳೆದಳು. ಮೃದುವಾದ ಬ್ರಶ್ಶು, ಒಂದು ಬಕೆಟ್ ನೀರು, ಮಂಡಿಯ ಕೆಳಗೊಂದು ಗೋಣಿತಟ್ಟು. ದಿನಕ್ಕೆ ಒಂದು ಮೊಳ ಗೋಡೆಯ ಪಾಚಿ ತೆಗೆದರೆ ಅದೇ ಹೆಚ್ಚು. ಒಳಗೋಡೆಯ ಮೇಲೆ ಸಾಲಾಗಿ ನಡೆದುಹೋಗುವ ಹೆಂಗಸರ ಕೆತ್ತನೆಯಿದೆ. ಅಮ್ಮ ಅವರಿಗೆಲ್ಲ ಅಡ್ಡಹೆಸರಿಟ್ಟಿದ್ದಳು: ಸೋಮಾರಿ, ಬಾಯಿಬಡುಕಿ, ಬಿನ್ನಾಣಗಿತ್ತಿ. ಮುಖ ಗಂಟಿಕ್ಕಿಕೊಂಡ ಒಬ್ಬಳಿಗೆ ನನ್ನ ಹೆಸರನ್ನೇ ಇಟ್ಟಿದ್ದಳೆಂದು ನನಗೆ ಗೊತ್ತಾದದ್ದು ಬಹಳ ತಡವಾಗಿ.

ಆ ಕೆಲಸ ಅವಳ ಎರಡು ಮಂಡಿಯನ್ನೂ ತಿಂದುಹಾಕಿತು. ಈಗ ಗಾಲಿಕುರ್ಚಿ. ಆರು ವರ್ಷದಿಂದ ಅವಳು ಆ ಹೆಂಗಸರ ಮುಖ ನೋಡಿಲ್ಲ. "ಉಪ್ಪುಮೂಟೆ ಮಾಡ್ಕೊಂಡು ಕರ್ಕೊಂಡು ಹೋಗ್ತೀನಿ ಬಾಮ್ಮ" ಎಂದರೆ, "ಥೂ, ನಾನು ಅಲ್ಲಿ ಕೆಲಸ ಮಾಡಿದೋಳು ಕಣೇ, ಮೂಟೆ ಥರ ಹೋಗೋಕಾಗತ್ತಾ?" ಎನ್ನುತ್ತಾಳೆ. ಆದರೂ ಊಟದ ನಡುವೆ ಇದ್ದಕ್ಕಿದ್ದಂತೆ, "ಬಾಯಿಬಡುಕಿ ಕಿವಿ ಹತ್ರ ಮತ್ತೆ ಪಾಚಿ ಬಂದಿರತ್ತೆ" ಎಂದುಬಿಡುತ್ತಿದ್ದಳು.

ನಾನು ಆರ್ಕಿಟೆಕ್ಟ್. ಮಂಟಪ ನೋಡಲು ಬರುವವರಿಗೊಂದು ದಾರಿ ಮಾಡಿಕೊಡಿ ಎಂದು ಪುರಾತತ್ವ ಇಲಾಖೆಯವರು ನನ್ನ ಕಚೇರಿಗೆ ಬಂದಾಗ ಮನಸ್ಸಿನಲ್ಲಿ ಒಂದೇ ಗುರಿಯಿಟ್ಟುಕೊಂಡೆ: ಅಮ್ಮ ತನ್ನ ಕುರ್ಚಿಯಲ್ಲೇ ಕೂತು ಒಳಗೆ ಹೋಗಬೇಕು. ಹಳೆಯ ಕಲ್ಲಿಗೆ ಒಂದು ಮೊಳೆಯೂ ತಾಗಬಾರದು, ನಾಳೆ ಬೇಡವೆನಿಸಿದರೆ ಗುರುತೂ ಉಳಿಯದಂತೆ ಬಿಚ್ಚಿ ಒಯ್ಯುವಂತಿರಬೇಕು ಎಂದರು ಇಲಾಖೆಯವರು. ಆಗಲಿ ಎಂದೆ. ಯಾರೂ ಕಾಲಿಡದ ಮುಂಬದಿಯ ಮುಳ್ಳುಪೊದೆಯ ಇಳಿಜಾರನ್ನು ಆರಿಸಿಕೊಂಡೆ. ನೆಲದಿಂದ ಗೇಣೆತ್ತರದಲ್ಲಿ ಹಲಗೆಯ ಹಾದಿ, ಅದರ ಕೆಳಗೆ ತೆಳ್ಳನೆಯ ಉಕ್ಕಿನ ಕಾಲುಗಳು. ಕೊನೆಯ ನಾಲ್ಕು ಕಾಲು ಬಾಗಿಲ ಮುಂದಿನ ಹಾಸುಗಲ್ಲಿನ ಮೇಲೆ ಸುಮ್ಮನೆ ಕೂತರೆ ಸಾಕಿತ್ತು.

ಮೊದಲು ಮರಳಿನ ಚೀಲಗಳ ಮೇಲೆ ಹಲಗೆ ಹಾಸಿ ಏರು ಸರಿಯಿದೆಯೇ ಎಂದು ನೋಡಬೇಕಿತ್ತು. ಆ ದಿನ ಅಮ್ಮನನ್ನೇ ತಳ್ಳಿಕೊಂಡು ಹೋದೆ. ಮಂಟಪದ ಮುಂಭಾಗಕ್ಕೆಲ್ಲ ದುರಸ್ತಿಯ ಹಸಿರು ಬಲೆ ಕಟ್ಟಿದ್ದರು, ಏನೂ ಕಾಣುತ್ತಿರಲಿಲ್ಲ. ಹಾಸುಗಲ್ಲಿನ ಮೇಲೆ ನಾಲ್ಕು ಕಾಲಿಗೆ ಸೀಮೆಸುಣ್ಣದಲ್ಲಿ ಗುರುತು ಹಾಕಿದ್ದೆ. ಅಮ್ಮ ಕುರ್ಚಿಯಿಂದ ಬಗ್ಗಿ, ನನ್ನ ಛತ್ರಿಯ ಹಿಡಿಯಿಂದ ಮೊದಲನೆಯ ಗುರುತನ್ನು ತಟ್ಟಿದಳು. ಕಲ್ಲು ತೊಳೆಯುವವರ ಪದ್ಧತಿ ಅದು. ಮಂಡಿಯೂರುವ ಮುಂಚೆ ಬ್ರಶ್ಶಿನ ಹಿಡಿಯಿಂದ ತಟ್ಟಿ ಕಿವಿಗೊಡುತ್ತಾರೆ, ಗಟ್ಟಿಯಿದ್ದರಷ್ಟೇ ಮೈಭಾರ ಬಿಡುತ್ತಾರೆ. ಮೊದಲನೆಯದು ಠಣ್ ಎಂದಿತು, ಎರಡನೆಯದೂ ಅಷ್ಟೇ. ಮೂರನೆಯದು ಬೊದ್ ಎಂದಿತು.

ನಾನು ಛತ್ರಿ ಕಸಿದುಕೊಳ್ಳಲು ಕೈ ಚಾಚಿದೆ.

"ಒಳಗೆ ಪೊಳ್ಳು" ಎಂದಳು ಅಮ್ಮ.

"ಏನೂ ಇಲ್ಲ ಬಿಡಮ್ಮ. ಯಂತ್ರ ಇಟ್ಟು ನೋಡಿ, ಗಟ್ಟಿಯಿದೆ ಅಂತ ಬರ್ಕೊಟ್ಟಿದ್ದಾರೆ."

"ಯಂತ್ರ ಯಾವತ್ತಾದ್ರೂ ಮಂಡಿ ಊರಿದೆಯಾ?"

"ತಲೆ ತಿನ್ಬೇಡ. ಅಧಿಕಾರಿಗಳು ಸಹಿ ಹಾಕಿ ಆಗಿದೆ."

"ನಿಂಗೂ ಕೇಳಿಸ್ತು ತಾನೇ?"

"ಇಲ್ಲ."

"ಸುಳ್ಳು ಹೇಳುವಾಗ ನಿನ್ನ ಮೂಗು ಅರಳತ್ತೆ, ಚಿಕ್ಕೋಳಿದ್ದಾಗಿಂದಾನೂ."

ಕೆಳಗೆ ಅಧಿಕಾರಿ ಯಾರ ಜೊತೆಗೋ ಫೋನಿನಲ್ಲಿ ನಗುತ್ತಿದ್ದರು. ಅವರಿಗೇನೂ ಗೊತ್ತಿಲ್ಲ. ಅಮ್ಮ ಒಬ್ಬಳು ಬಾಯಿ ಮುಚ್ಚಿಕೊಂಡಿದ್ದರೆ ಮುಗಿಯಿತು. ನಾನು ಕುಕ್ಕರುಗಾಲಲ್ಲಿ ಕೂತು ಹಲ್ಲು ಕಚ್ಚಿ ಹೇಳಿದೆ, "ಇಲ್ಲಿ ಕಾಲು ಊರದಿದ್ರೆ ದಾರಿ ಇಪ್ಪತ್ತು ಹೆಜ್ಜೆ ಈಚೆಗೇ ನಿಂತುಹೋಗತ್ತೆ. ಒಂದೇ ನೆಗೆತಕ್ಕೆ ದಾಟಿಸೋಣ ಅಂದ್ರೆ ಆನೆಗಾತ್ರದ ತೊಲೆ ಬೇಕು, ಬಾಗಿಲೇ ಮುಚ್ಚಿಹೋಗತ್ತೆ. ನೀನು ಒಳಗೆ ಹೋಗೋಕಾಗಲ್ಲ. ಅರ್ಥ ಆಗ್ತಿದೆಯಾ?"

"ಮಂಡಿ ಹೋಗಿದೆ, ತಲೆ ಹೋಗಿಲ್ಲ ಕಣೇ." ಅವಳ ದನಿ ಮೆತ್ತಗಾಯಿತು. "ಇದಕ್ಕೆ ನೋವಾಗಬಾರದು ಅಂತ ಇಪ್ಪತ್ತಾರು ವರ್ಷ ಒದ್ದಾಡಿದ್ದೀನಿ. ಈಗ ನನ್ನನ್ನ ಒಳಗೆ ಬಿಡೋಕೆ ಇದರ ಸೊಂಟ ಮುರೀತೀಯಾ?"

ಮೂರು ದಿನ ನಾನು ಅವಳೊಂದಿಗೆ ಮಾತಾಡಲಿಲ್ಲ. ತಟ್ಟೆಯನ್ನು ಕುಕ್ಕಿ ಇಟ್ಟು ಹೋಗುತ್ತಿದ್ದೆ. ಅವಳೂ ತುಟಿ ಬಿಚ್ಚಲಿಲ್ಲ. ನೂಲಿನಂತೆ ಸೀರೆ, ತಾಯಿಯಂತೆ ಮಗಳು ಎನ್ನುತ್ತಾರಲ್ಲ, ಹಟದಲ್ಲಿ ನಾವಿಬ್ಬರೂ ಒಂದೇ. ನಾಲ್ಕನೆಯ ದಿನ ಬೆಳಿಗ್ಗೆ ನಕ್ಷೆ ಹರವಿಕೊಂಡು ಕೊನೆಯ ಇಪ್ಪತ್ತು ಹೆಜ್ಜೆಯನ್ನು ರಬ್ಬರಿನಿಂದ ಅಳಿಸಿದೆ. ಆಮೇಲೆ ಅಧಿಕಾರಿಗೆ ಫೋನ್ ಮಾಡಿದೆ.

ಕಲ್ಲಿನ ಸಂದಿಯಲ್ಲಿ ಸಣ್ಣ ಕ್ಯಾಮೆರಾ ಇಳಿಸಿ ನೋಡಿದರು. ಕೆಳಗೆ ಹಳೆಯ ಕಾಲದ ನೀರಿನ ಕಾಲುವೆ. ಅದರ ಮೇಲೆ ಎರಡೇ ಬೆರಳು ದಪ್ಪದ ಹಾಸು, ಅದೂ ಆಗಲೇ ಅಡ್ಡಕ್ಕೆ ಸೀಳಿತ್ತು. ಇನ್ನು ಅದರ ಮೇಲೆ ಕುರ್ಚಿ ಉರುಳಿಸುವಂತೆಯೂ ಇರಲಿಲ್ಲ.

"ನಿಮಗೆ ಹೇಗೆ ಗೊತ್ತಾಯ್ತು ಮೇಡಂ?" ಎಂದು ಅಧಿಕಾರಿ ಫೋನಿನಲ್ಲಿ ಕೇಳಿದರು.

"ನಮ್ಮಮ್ಮ ತಟ್ಟಿ ನೋಡಿದ್ರು" ಎಂದೆ. ಹೆಮ್ಮೆಯೂ ಸಂಕಟವೂ ಒಟ್ಟಿಗೇ ಬಂದು, ಫೋನಿಟ್ಟು ಬಿಕ್ಕಿಬಿಕ್ಕಿ ಅತ್ತೆ.

ಕೆಲಸ ಮುಗಿದು, ಬಲೆ ಬಿಚ್ಚಿದ ಮಾರನೆಯ ಬೆಳಿಗ್ಗೆ, ಜನರಿಗೆ ಗೇಟು ತೆರೆಯುವ ಮುಂಚೆ ಅಮ್ಮನನ್ನು ಕರೆತಂದೆ. ಹಲಗೆಯ ಮೇಲೆ ಗಾಲಿ ಸದ್ದಿಲ್ಲದೆ ಉರುಳಿತು. ದಾರಿ ಮುಗಿಯುವಲ್ಲಿ ಬ್ರೇಕ್ ಹಾಕಿದೆ. ಎದುರಿಗೆ ಬಾಗಿಲು ಕತ್ತಲಾಗಿ ಕಾಣುತ್ತಿತ್ತು. ಒಳಗೋಡೆ ಕಾಣುವಂತಿರಲಿಲ್ಲ. ಅವಳ ಮುಖ ನೋಡುವ ಧೈರ್ಯವಾಗದೆ ಕುರ್ಚಿಯ ಹಿಂದೆಯೇ ನಿಂತುಕೊಂಡೆ.

"ತಪ್ಪಾಯ್ತಮ್ಮ" ಎಂದೆ. "ಇಲ್ಲೀವರೆಗೆ ಮಾತ್ರ ತರೋಕಾಗಿದ್ದು."

ಮುಂದೆ ಬಂದು ನೋಡಿದರೆ ಅಮ್ಮ ಕೆನ್ನೆಯ ಮೇಲೆ ಕೈಯಿಟ್ಟುಕೊಂಡು, ಬಾಯಿ ತೆರೆದು, ಮೇಲೆ ನೋಡುತ್ತಿದ್ದಳು.

"ಇದು ಇಷ್ಟು ದೊಡ್ಡದಾ?"

"ಅಯ್ಯೋ, ಇಪ್ಪತ್ತಾರು ವರ್ಷ ನೋಡಿಲ್ವೇನಮ್ಮ?"

"ಎಲ್ಲಿ ನೋಡ್ದೆ? ಹಿಂದ್ಗಡೆ ಮೆಟ್ಲು ಹತ್ತೋದು, ಗೋಡೆಗೆ ಮೂಗು ತಾಗಿಸ್ಕೊಂಡು ಕೂರೋದು, ಸಂಜೆ ತಲೆ ಬಗ್ಗಿಸ್ಕೊಂಡು ಇಳಿಯೋದು. ಮುಂದ್ಗಡೆ ಬರೀ ಮುಳ್ಳು. ಒಂದು ಮೊಳ ಕಲ್ಲು ಬಿಟ್ರೆ ನಂಗೆ ಏನ್ ಕಂಡಿತ್ತು?"

ಬೆರಳು ಮಡಚಿ ಕಂಬಗಳನ್ನು ಎಣಿಸತೊಡಗಿದಳು. ನಡುವೆ ಲೆಕ್ಕ ತಪ್ಪಿತು, ಮತ್ತೆ ಮೊದಲಿಂದ ಎಣಿಸಿದಳು. ಆಮೇಲೆ ನನ್ನ ಕೈ ಹಿಡಿದು ಕೇಳಿದಳು:

"ಇಷ್ಟನ್ನೂ ನಾನು ತೊಳೆದೆನಾ?"

"ಹೂಂ ಅಮ್ಮ. ನೀನೇ ತೊಳೆದಿದ್ದು."

ನನ್ನ ಕಣ್ಣಲ್ಲಿ ನೀರು ತುಂಬಿ ಮಂಟಪ ಮಸುಕಾಯಿತು. ಕೆಳಗೆ ಗೇಟು ತೆರೆದ ಸದ್ದು, ಜನರ ಮಾತು ಕೇಳಿಸಿತು. "ಹೋಗೋಣ್ವಾ?" ಎಂದೆ.

"ಸುಮ್ನಿರೇ," ಎಂದಳು, "ಇನ್ನೂ ನೋಡಿ ಮುಗಿದಿಲ್ಲ."