ಯಜಮಾನರ ಬೂಟು

ಬಾಗಿಲ ಮುಂದೆ ಒಂದು ಜೊತೆ ಗಂಡಸಿನ ಬೂಟು ಇತ್ತೆಂದು ಇಸ್ತ್ರಿಯಕ್ಕನ ಇಬ್ಬರು ಮಕ್ಕಳ ಸಹಾಯಧನವನ್ನು ನಿಲ್ಲಿಸಲಾಯಿತು. ಒಂಟಿಯಾಗಿ ಮಕ್ಕಳನ್ನು ಸಾಕುವವರಿಗೆ ಮಾತ್ರ ಆ ಹಣ. ಬೂಟು ಇದ್ದಲ್ಲಿ ಕಾಲು, ಕಾಲು ಇದ್ದಲ್ಲಿ ಗಂಡಸು, ಗಂಡಸು ಇದ್ದಲ್ಲಿ ಸಂಪಾದನೆ. ಕಚೇರಿಯ ತರ್ಕ ಅಷ್ಟೇ.

ಬೂಟು ಬಂದದ್ದು ಹಳೇ ಸಾಮಾನಿನ ಅಂಗಡಿಯಿಂದ. ಇಸ್ತ್ರಿಯಕ್ಕ ಹೋಟೆಲೊಂದರ ಲಾಂಡ್ರಿಯಲ್ಲಿ ಹಾಸಿಗೆ ಬಟ್ಟೆಗಳಿಗೆ ಇಸ್ತ್ರಿ ಹಾಕುವವಳು. ಗಂಡ ತೀರಿಕೊಂಡ ಮೇಲೆ ಮಕ್ಕಳೊಂದಿಗೆ ಈ ಕಟ್ಟಡದ ಮೂರನೇ ಮಹಡಿಗೆ ಬಂದಾಗ, ಹೊತ್ತಲ್ಲದ ಹೊತ್ತಿನಲ್ಲಿ ಬಾಗಿಲು ತಟ್ಟಿ ಬೆಂಕಿಪೊಟ್ಟಣ ಕೇಳುವವರ ಕಾಟ ಶುರುವಾಯಿತು. ಉಪಾಯ ಹೇಳಿಕೊಟ್ಟವಳು ಎದುರು ಮನೆಯ ಟೈಲರಮ್ಮ. ಅವಳೂ ಒಂಟಿ. ಹೊಸ್ತಿಲ ಬಳಿ ಗಂಡಸಿನ ಬೂಟು ಇಟ್ಟುಬಿಡು, ಬಂದವನು ಅದರ ಅಳತೆ ನೋಡಿಯೇ ಇಳಿದುಹೋಗುತ್ತಾನೆ ಎಂದಳು. ಕಟ್ಟಡದ ಒಂಟಿ ಹೆಂಗಸರೆಲ್ಲ ಮಾಡುತ್ತಿದ್ದುದೇ ಅದು. ಇಸ್ತ್ರಿಯಕ್ಕ ಅಂಗಡಿಯಲ್ಲಿದ್ದ ಎಲ್ಲಕ್ಕಿಂತ ದೊಡ್ಡ ಜೋಡಿಯನ್ನೇ ಆರಿಸಿ ತಂದಳು. ಅವತ್ತಿನಿಂದ ಯಾರಿಗೂ ಬೆಂಕಿಪೊಟ್ಟಣ ಬೇಕಾಗಲಿಲ್ಲ.

ಮಕ್ಕಳು ಬೂಟಿಗೆ ಯಜಮಾನರು ಎಂದು ಹೆಸರಿಟ್ಟರು. ಅವರ ಚಾಕರಿ ಕಿರಿಯ ಮಗಳದು. ಬಾಯಿ ಸುಮ್ಮನಿರದ ಕಾರಣ ಎಲ್ಲರೂ ಅವಳನ್ನು ಪಟಾಕಿ ಎನ್ನುತ್ತಿದ್ದರು. ಬೂಟು ಒಂದೇ ಕಡೆ ಬಿದ್ದಿದ್ದರೆ ಯಾರು ನಂಬುತ್ತಾರೆ? ಅದಕ್ಕೇ ಪಟಾಕಿ ಬೆಳಿಗ್ಗೆ ಯಜಮಾನರನ್ನು ಕೆಲಸಕ್ಕೆ ಕಳಿಸುತ್ತಿದ್ದಳು, ಅಂದರೆ ಮಂಚದ ಕೆಳಗೆ ತಳ್ಳುತ್ತಿದ್ದಳು. ಸಂಜೆ ಅಟ್ಟೆಗೆ ಹಸಿ ಕೆಸರು ಮೆತ್ತಿ, ಸುಸ್ತಾಗಿ ಬಂದವರು ಕಳಚಿ ಎಸೆದಂತೆ ಓರೆಯಾಗಿ ಇಡುತ್ತಿದ್ದಳು.

ತನಿಖೆಗೆ ಬಂದ ಗುಮಾಸ್ತನ ಕಣ್ಣಿಗೆ ಬಿದ್ದದ್ದು ಆ ಕೆಸರೇ. ಗಂಡಸು ಈಗಷ್ಟೇ ಮನೆಗೆ ಬಂದಿದ್ದಾನೆ ಎಂದು ವರದಿ ಬರೆದ. ವಿಚಾರಣೆ ಮುಗಿಯುವವರೆಗೆ ಹಣ ತಡೆಹಿಡಿದರು.

ಮನೆಗೆ ಹಾಲು ನಿಂತಿತು. ಶಾಲೆಗೆ ಹೋಗುವ ದೊಡ್ಡವನ ಹೆಬ್ಬೆರಳು ಹರಿದ ಶೂವಿನಿಂದ ಇಣುಕಿ ನೋಡತೊಡಗಿತು. ತಪ್ಪೆಲ್ಲ ತನ್ನದೇ ಎಂದು ಪಟಾಕಿ ಮುಖ ಊದಿಸಿಕೊಂಡು ಕೂತಾಗ ಅವಳ ಅಮ್ಮನಿಗೆ ನಗು ತಡೆಯಲಾಗಲಿಲ್ಲ.

"ಅಷ್ಟು ಚೆನ್ನಾಗಿ ಮಾಡಿದ್ದೀಯ ಕಣೇ, ಸರ್ಕಾರಾನೇ ನಂಬಿಬಿಡ್ತು."

ವಿಚಾರಣೆಗೆ ಮನೆಯ ಗಂಡಸನ್ನು ಕರೆತರಬೇಕೆಂದು ಕಚೇರಿ ತಿಳಿಸಿತ್ತು. ಇಸ್ತ್ರಿಯಕ್ಕ ಕರೆತಂದಳು. ಮೇಲಧಿಕಾರಿ ಮೇಡಂ "ಎಲ್ಲಿ ಅವರು?" ಎಂದಾಗ, ಚೀಲದಿಂದ ಬೂಟು ತೆಗೆದು ಎದುರಿನ ಕುರ್ಚಿಯ ಮೇಲೆ ಜೋಡಿಸಿ ಇಟ್ಟಳು.

"ಇವರೇ, ಮೇಡಂ. ಮಾತು ಸ್ವಲ್ಪ ಕಮ್ಮಿ."

"ಊಟಾನೂ ಮಾಡಲ್ಲ," ಎಂದಳು ಪಟಾಕಿ.

ಹಿಂದೆಯೇ ಬಂದಿದ್ದ ಟೈಲರಮ್ಮ ತನ್ನ ಯಜಮಾನರನ್ನೂ ಹೊರತೆಗೆದಳು. ಅವಳ ಹಿಂದೆ ಕಟ್ಟಡದ ಉಳಿದ ಹೆಂಗಸರು. ಗೋಡೆಯುದ್ದಕ್ಕೂ ಬೂಟುಗಳ ಸಾಲು. ಬಾಗಿಲಲ್ಲಿ ನಿಂತಿದ್ದ ಕಾವಲುಗಾರ ಮೊದಲು ನಕ್ಕ. ಆಮೇಲೆ ಕಚೇರಿಗೆ ಕಚೇರಿಯೇ ನಕ್ಕಿತು.

ಮೇಡಂ ನಗಲಿಲ್ಲ. ಅವರ ಮಾತಿನಲ್ಲೂ ಸತ್ಯವಿತ್ತು. ಗಂಡನನ್ನು ಅಟ್ಟದ ಮೇಲೆ ಅಡಗಿಸಿಟ್ಟು ಹಣ ಪಡೆದವರನ್ನು ಕಂಡಿದ್ದೇನೆ, ಹಾಗೆ ಹೋದ ಹಣ ಇನ್ನೊಬ್ಬ ಒಂಟಿ ತಾಯಿಯ ಮಗುವಿನ ತಟ್ಟೆಯಿಂದಲೇ ಹೋದದ್ದು, ಹಣ ಮುಗಿಯಿತೆಂದು ಅಂಥ ತಾಯಂದಿರನ್ನು ವಾಪಸು ಕಳಿಸುವವಳು ನಾನು ಎಂದರು. ಆಮೇಲೆ ಕೊಂಚ ಮೆತ್ತಗಾಗಿ ದಾರಿ ಹೇಳಿದರು. ಇನ್ನು ಬಾಗಿಲಲ್ಲಿ ಗಂಡಸಿನ ಬೂಟು ಇಡುವುದಿಲ್ಲ ಎಂದು ಮುಚ್ಚಳಿಕೆ ಬರೆದುಕೊಟ್ಟರೆ ಹಣ ಮತ್ತೆ ಬರುತ್ತದೆ.

ಇಸ್ತ್ರಿಯಕ್ಕ ಮಗಳ ತಲೆಯ ಮೇಲೆ ಕೈಯಿಟ್ಟಳು.

"ಬೂಟು ತೆಗೆದ್ರೆ ಹಾಲು ಬರತ್ತೆ, ನಿದ್ದೆ ಹೋಗತ್ತೆ. ಎರಡರಲ್ಲಿ ಒಂದು ಆರಿಸ್ಕೋ ಅಂತ ನಿಮ್ಮ ಮಗಳಿಗೆ ಹೇಳ್ತೀರಾ, ಮೇಡಂ? ಬರೆದುಕೊಡಲ್ಲ ನಾನು."

ವರದಿ ಬರೆದಿದ್ದ ಗುಮಾಸ್ತ ಬೂಟುಗಳ ಸಾಲನ್ನೇ ನೋಡುತ್ತ ನಿಂತಿದ್ದ. ಭಾವ ತೀರಿಕೊಂಡ ವರ್ಷ ಅವನ ಅಕ್ಕ ತಮ್ಮನ ಹಳೇ ಬೂಟು ಕೇಳಿ ಇಸಿದುಕೊಂಡಿದ್ದಳು. ಯಾಕೆಂದು ಅವನು ಕೇಳಿರಲಿಲ್ಲ. ಹೋದಾಗಲೆಲ್ಲ ಅವು ಅವಳ ಬಾಗಿಲಲ್ಲೇ ಇರುತ್ತಿದ್ದವು. ಇನ್ನೂ ಎಸೆದಿಲ್ಲವಾ ಎಂದು ತಮಾಷೆ ಮಾಡಿ ಒಳಗೆ ಹೋಗುತ್ತಿದ್ದ.

"ಹಾಗಾದ್ರೆ ರದ್ದು," ಮೇಡಂ ಅವನತ್ತ ಕಡತ ತಳ್ಳಿದರು. "ನಿಮ್ಮ ಸಹಿ ಇಲ್ಲದೆ ಪೂರ್ತಿ ರದ್ದು ಮಾಡೋಕಾಗಲ್ಲ, ಹಣ ಮತ್ತೆ ಕೊಡಬೇಕಾಗತ್ತೆ. ಹಾಕಿ."

ಅವನು ಪಟಾಕಿಯ ಪಕ್ಕ ಕುಕ್ಕರಗಾಲಿನಲ್ಲಿ ಕೂತ.

"ಆ ಕೆಸರು ಎಲ್ಲಿಂದ ತರ್ತೀಯಮ್ಮಾ?"

"ನಲ್ಲಿ ಹತ್ರ. ಜಾಸ್ತಿ ನೀರಾಗಬಾರದು. ಹಿಮ್ಮಡಿ ಕಡೆ ದಪ್ಪ ಇರ್ಬೇಕು."

"ನಮ್ಮಕ್ಕನ ಬಾಗಿಲಲ್ಲಿರೋ ಬೂಟಿಗೆ ಧೂಳು ಹಿಡಿದಿದೆ."

"ಅಯ್ಯೋ, ಧೂಳಿದ್ರೆ ಯಾರೂ ನಂಬಲ್ಲ ಅಂಕಲ್. ನಾನು ಬಂದು ಹೇಳಿಕೊಡ್ಲಾ?"

ಗುಮಾಸ್ತ ನಕ್ಕ. ಎದ್ದು ನಿಂತು ಪೆನ್ನಿಗೆ ಮುಚ್ಚಳ ಹಾಕಿ, ಕಡತವನ್ನು ಮೇಡಂ ಕಡೆಗೇ ಸರಿಸಿದ.

"ಸಹಿ ಹಾಕಲ್ಲ, ಮೇಡಂ."