ಅಮ್ಮನ ಗೋಡೆ

ಆ ಮನೆಯಲ್ಲಿ ನಾಲ್ಕು ಜನಕ್ಕೆ ತೋರಿಸುವಂಥದ್ದು ಅಂತ ಇದ್ದದ್ದು ಒಂದೇ ಗೋಡೆ. ಮುಂದಿನ ಕೋಣೆಯಲ್ಲಿದ್ದ ಅದಕ್ಕೆ ತಿಳಿಹಳದಿ ಬಣ್ಣ ಬಳಿದಿತ್ತು. ಎದುರಿಗೆ ಮೆತ್ತನೆಯ ಕುರ್ಚಿ, ಪಕ್ಕಕ್ಕೊಂದು ದೀಪ, ಹಲಗೆಯ ಮೇಲೆ ಯಾರೂ ಓದದ ದಪ್ಪ ಪುಸ್ತಕಗಳು ಮತ್ತು ಎಂದೂ ಬಾಡದ ಪ್ಲಾಸ್ಟಿಕ್ ಗಿಡ. ಊರಿಗೆ ವಿಡಿಯೋ ಕಾಲ್ ಮಾಡುವವರೆಲ್ಲ ಅಲ್ಲೇ ಕೂರುತ್ತಿದ್ದರು. ಹುಡುಗಿಯರು ಅದಕ್ಕೆ ಅಮ್ಮನ ಗೋಡೆ ಎಂದೇ ಹೆಸರಿಟ್ಟಿದ್ದರು.

ಗೋಡೆಯನ್ನು ಸಿಂಗರಿಸಿದವಳು ವಾರ್ಡನ್. ಅದೂ ಹುಡುಗಿಯರು ಇಟ್ಟ ಹೆಸರೇ. ಅವಳೂ ಒಂದು ಕಾಲಕ್ಕೆ ಈ ಹುಡುಗಿಯರ ಹಾಗೆ ದೂರದೂರಿಂದ ಓದಲೆಂದು ಬಂದವಳು. ಓದು ಕೈಬಿಟ್ಟು, ನೆಲಮಾಳಿಗೆಯ ಈ ಮನೆಯನ್ನು ಬಾಡಿಗೆಗೆ ಹಿಡಿದು, ಒಳಕೋಣೆಯನ್ನು ಹಾಸಿಗೆ ಲೆಕ್ಕದಲ್ಲಿ ಹಂಚಿ ಹಾಯಾಗಿದ್ದಳು. ಒಂದೊಂದು ಹಾಸಿಗೆಗೂ ಹಗಲು ಮಲಗುವವಳೊಬ್ಬಳು, ರಾತ್ರಿ ಮಲಗುವವಳೊಬ್ಬಳು. ಆ ಮಹಾತಾಯಿಯ ಕಣ್ಣಲ್ಲಿ ನೀರು ಬರುತ್ತಿದ್ದದ್ದು ಈರುಳ್ಳಿ ಹೆಚ್ಚುವಾಗ ಮಾತ್ರ.

ಊರಲ್ಲಿ ತಂಗಿಯೊಬ್ಬಳನ್ನು ಬಿಟ್ಟು ಓದಲು ಬಂದಿದ್ದ ಅಕ್ಕ ರಾತ್ರಿಯವಳು. ಹಗಲೆಲ್ಲ ಹೋಟೆಲೊಂದರಲ್ಲಿ ಅವರಿವರ ಹಾಸಿಗೆ ಹಾಸಿ, ಸಂಜೆ ತರಗತಿಯಲ್ಲಿ ತೂಕಡಿಸಿ, ಇನ್ನೊಬ್ಬಳ ಮೈಬಿಸಿ ಆರದ ಹಾಸಿಗೆಗೆ ಬಂದು ಬೀಳುತ್ತಿದ್ದಳು. ಊರಿನವರ ಪಾಲಿಗೆ ಮಾತ್ರ ಅವಳು ಹಳದಿ ಗೋಡೆಯ ಮಹಾರಾಣಿ. ಗಿಡಕ್ಕೆ ನೀರು ಹಾಕಿದೆಯಾ ಎಂದು ಅಮ್ಮ ವಾರವಾರವೂ ಕೇಳುತ್ತಿದ್ದಳು. ಹಾಕಿದೆ ಎಂದು ಇವಳು ಹೇಳುತ್ತಿದ್ದಳು.

ಈಗ ತಂಗಿಗೂ ಅದೇ ಕಾಲೇಜಿನಲ್ಲಿ ಸೀಟು ಸಿಕ್ಕಿತ್ತು. ಅವಳನ್ನು ಕಳಿಸುವುದಕ್ಕೆ ಅಪ್ಪ ತಮ್ಮ ಹೊಲಿಗೆ ಅಂಗಡಿಯನ್ನು ಮಾರಲು ಹೊರಟಿದ್ದರು. ಮಾತುಕತೆ ಮುಗಿದಿತ್ತು, ಸಹಿ ಮಾಡುವುದೊಂದು ಬಾಕಿ. ಇನ್ನೂ ಬಾಯಿಗೆ ಬೀಗ ಹಾಕಿಕೊಂಡರೆ ಅಂಗಡಿಯೂ ಕೈತಪ್ಪುತ್ತದೆ, ತಂಗಿಯೂ ಈ ಬಿಲಕ್ಕೆ ಬಂದು ಬೀಳುತ್ತಾಳೆ ಎಂದು ಅಕ್ಕನಿಗೆ ದಿಗಿಲಾಯಿತು. ಕೆಲಸಕ್ಕೆ ರಜೆ ಹಾಕಿ ಹಗಲೇ ಮನೆಗೆ ಬಂದರೆ, ಗೋಡೆಯ ಮುಂದೆ ವಾರ್ಡನ್ ಕೂತಿದ್ದಳು. ಅವಳ ಎದುರಿಗೆ ಆಡುವ ಮಾತಲ್ಲ ಅದು. ಒಳಕೋಣೆಗೆ ಹೋಗಿ ಅಲ್ಲಿಂದಲೇ ಫೋನು ಮಾಡಿದಳು.

"ಅಮ್ಮ, ಅವಳನ್ನ ಕಳಿಸ್ಬೇಡ. ಇಷ್ಟು ದಿನ ನಾನು ಹೇಳಿದ್ದೆಲ್ಲ ಸುಳ್ಳು. ನಾವಿರೋದು ಇಲ್ಲಿ, ನೋಡು."

ಸೋರುವ ಪೈಪನ್ನು, ಅದರ ಕೆಳಗಿನ ಬಕೆಟ್ಟನ್ನು, ಬೂಷ್ಟು ಹಿಡಿದ ಮೂಲೆಯನ್ನು ತೋರಿಸಿದಳು. ಮುಸುಕೆಳೆದು ಮಲಗಿದ್ದ ಹಗಲಿನವಳನ್ನೂ ತೋರಿಸಿದಳು. "ಇದೇ ನನ್ ಹಾಸಿಗೆ. ಇವಳು ಎದ್ಮೇಲೆ ನಂದು."

ಅಮ್ಮ ಈಗ ಅಳುತ್ತಾಳೆ ಅಂದುಕೊಂಡಳು. ಅತ್ತರೂ ಸರಿ, ಅಂಗಡಿ ಉಳಿದರೆ ಸಾಕು.

"ಯಾರ ಮನೆ ಅದು?" ಎಂದಳು ಅಮ್ಮ.

"ನಮ್ದೇ ಅಮ್ಮ."

"ನಿಮ್ಮನೆ ನಾನ್ ನೋಡಿಲ್ವಾ? ಎಲ್ಲಿ ನಿನ್ ಗಿಡ? ಯಾರೋ ಗತಿಗೆಟ್ಟೋರ ಮನೆಗೆ ಹೋಗಿ ನನ್ ಕಣ್ಣಿಗೆ ಮಣ್ಣೆರಚ್ತೀಯಾ?"

"ದೇವರಾಣೆ ಅಮ್ಮ..."

"ಬಿಡಮ್ಮ," ಎಂದಿತು ತಂಗಿಯ ದನಿ. "ಮನೇಲಿ ಓದಿದೋಳು ಅಂದ್ರೆ ಅವಳೊಬ್ಬಳೇ ಆಗಿರ್ಬೇಕು. ನಾನು ಹೋದ್ರೆ ಅವಳಿಗೆ ಹೊಟ್ಟೆಕಿಚ್ಚು."

ಗೋಡೆಯನ್ನು ತೋರಿಸಲು ಅಕ್ಕ ಮುಂದಿನ ಕೋಣೆಗೆ ಓಡಿದಳು. ಅಷ್ಟರಲ್ಲಿ ಕಾಲ್ ಕಟ್ಟಾಗಿತ್ತು. ಮತ್ತೆ ಮಾಡಿದಳು, ಮತ್ತೂ ಮಾಡಿದಳು. ಯಾರೂ ಎತ್ತಲಿಲ್ಲ. ವಾರ್ಡನ್ ಕುರ್ಚಿಯಿಂದ ಏಳದೆ ಎಲ್ಲವನ್ನೂ ನೋಡಿದಳು.

"ತಂಗಿ ಬರ್ತಾಳೆ ಬಿಡು," ಎಂದಳು. "ಒಂದು ಹಾಸಿಗೆ ಇಟ್ಟಿರ್ತೀನಿ."

ಅಂಗಡಿ ಹೋಯಿತು, ತಂಗಿ ಬಂದಳು. ಅಷ್ಟು ದಿನವೂ ಮನೆಯವರು ಯಾರೂ ಅಕ್ಕನ ಜೊತೆ ಮಾತಾಡಿರಲಿಲ್ಲ. ಕರೆತರಲು ಹೋದ ಅವಳಿಗೆ ತಂಗಿಯೂ ದಾರಿಯುದ್ದಕ್ಕೂ ಮುಖ ಕೊಡಲಿಲ್ಲ. ಹೊಸ್ತಿಲು ದಾಟಿ ಹಳದಿ ಗೋಡೆ ಕಂಡದ್ದೇ ತಡ, ಗೆದ್ದವಳ ಹಾಗೆ ನಕ್ಕಳು. ಆಮೇಲೆ ವಾರ್ಡನ್ ಒಳಕೋಣೆಯ ಬಾಗಿಲು ತೆರೆದಳು.

ತಂಗಿ ಬಕೆಟ್ಟು ನೋಡಿದಳು. ಮುಸುಕೆಳೆದು ಮಲಗಿದ್ದವಳನ್ನು ನೋಡಿದಳು. "ಅಕ್ಕಾ..." ಎಂದಳು. ಅಕ್ಕನಿಗೆ ಅಯ್ಯೋ ಅನ್ನಿಸಬೇಕಿತ್ತು, ಅನ್ನಿಸಿತು ಕೂಡ. ಆದರೆ ಅದಕ್ಕಿಂತ ಮೊದಲು, ಈಗ ಗೊತ್ತಾಯ್ತಾ, ಅನುಭವಿಸು ಎಂದು ಒಳಗೇ ಹಿಗ್ಗಿದ್ದಳು.

ತಂಗಿಯ ಫೋನು ರಿಂಗಾಯಿತು. ಅಮ್ಮ.

"ಇದ್ದದ್ದನ್ನ ಇದ್ದ ಹಾಗೆ ಹೇಳಿಬಿಡೇ," ಎಂದು ಅಕ್ಕ ಅವಳ ಕೈ ಹಿಡಿದುಕೊಂಡಳು. "ನೀನು ಹೇಳಿದ್ರೆ ನಂಬ್ತಾಳೆ. ನಾನು ಕೆಟ್ಟೋಳಲ್ಲ ಅಂತ ಒಂದ್ಸಲ ಹೇಳು, ಸಾಕು."

"ಅಂಗಡಿ ಮಾರಿ ಆಗಿದೆ ಅಕ್ಕ," ಎಂದು ತಂಗಿ ಕೈ ಬಿಡಿಸಿಕೊಂಡಳು. ಮುಖ ಒರೆಸಿಕೊಂಡು ಮುಂದಿನ ಕೋಣೆಗೆ ಹೋಗಿ ಕುರ್ಚಿಯಲ್ಲಿ ಕೂತು ದೀಪ ಹಾಕಿದಳು. ಫೋನನ್ನು ಹೇಗೆ ಹಿಡಿಯಬೇಕೆಂದು ಅವಳಿಗೆ ಯಾರೂ ಹೇಳಿಕೊಡಬೇಕಾಗಲಿಲ್ಲ.

"ತಲುಪಿದೆ ಅಮ್ಮ. ಎಲ್ಲ ನಾವು ನೋಡ್ತಿದ್ದ ಹಾಗೇ ಇದೆ. ಅಕ್ಕ ಆವತ್ತು ತೋರಿಸಿದ್ದು ಯಾರದೋ ಮನೆ."

"ಹೆತ್ತೋಳಿಗೆ ಗೊತ್ತಾಗಲ್ವೇನೇ? ಅಪ್ಪ ಯಾರದೋ ಅಂಗಡಿಗೆ ಹೊಲಿಯೋಕೆ ಹೋಗಿದ್ದಾರೆ, ಬಂದ ತಕ್ಷಣ ಹೇಳ್ತೀನಿ. ಇವತ್ತಾದ್ರೂ ನೆಮ್ಮದಿಯಾಗಿ ಮಲಗ್ಲಿ."

ಬಾಗಿಲಲ್ಲಿ ನಿಂತಿದ್ದ ಅಕ್ಕನಿಗೆ ಒಂದೊಂದು ಮಾತೂ ಕೇಳುತ್ತಿತ್ತು. ತಂಗಿ ಆ ಕಡೆ ತಿರುಗಲೂ ಇಲ್ಲ.

"ಆ ಗಿಡಕ್ಕೆ ನೀರಾದ್ರೂ ಹಾಕ್ತಾಳಾ ಅವಳು? ಇಲ್ಲ ಅದರ ಮೇಲೂ ಹೊಟ್ಟೆಕಿಚ್ಚಾ?" ಎಂದು ಕೇಳಿದಳು ಅಮ್ಮ.

"ಇನ್ಮೇಲೆ ನಾನ್ ಹಾಕ್ತೀನಿ ಬಿಡಮ್ಮ," ಎಂದಳು ತಂಗಿ.