ಮೂರನೇ ಸಲ

ಬೆಳಿಗ್ಗೆ ಬಾಗಿಲಿಗೆ ಬಂದ ತಂಗಿಯ ತುಟಿ ಸೀಳಿತ್ತು, ಕೆನ್ನೆಯ ಮೇಲೆ ಗಂಡನ ಉಂಗುರದ ಗುರುತಿತ್ತು.

"ಏನೂ ಇಲ್ಲಣ್ಣ, ಎಡವಿ ಬಿದ್ದೆ."

ಗಗನಯಾತ್ರಿಗಳಿಗೆ ಉಡುಪು ತೊಡಿಸುವ ಟೆಕ್ನೀಷಿಯನ್ ಆ ಅಣ್ಣ. ಅವನ ಮೈಯೆಲ್ಲ ಉರಿದುಹೋಯಿತು. ಅವಳ ಗಂಡ, ನಾಳೆ ಆಕಾಶಕ್ಕೆ ಹಾರಲಿರುವ ಆ ಮಹಾಶಯ, ಬಟ್ಟೆ ಬದಲಿಸುವ ಕೋಣೆಯಲ್ಲಿ ಒಬ್ಬನೇ ಸಿಕ್ಕಿದ. ಟೆಕ್ನೀಷಿಯನ್ ಮಾತಿಗೇ ಹೋಗಲಿಲ್ಲ. ಅವನ ಬಲಗೈಯನ್ನು ಬೀರುವಿನ ಸಂದಿಗೆ ಒತ್ತಿ ಹಿಡಿದು ಬಾಗಿಲನ್ನು ಒದ್ದ. ಕಿರುಬೆರಳು ಲಟಕ್ಕನೆ ಮುರಿಯಿತು.

"ಹೋಗು, ಯಾರಿಗ್ ಬೇಕಾದ್ರೂ ಹೇಳ್ಕೋ."

ಅವನು ಹೇಳಲಿಲ್ಲ. ಬೆರಳು ಮುರಿದವನಿಗೆ ರಾಕೆಟ್ಟಿನಲ್ಲಿ ಜಾಗವಿಲ್ಲ.

ಒಂದು ಗಂಟೆಯ ನಂತರ ಉಡುಪಿನ ಕೊನೆಯ ತಪಾಸಣೆ. ಕೈಗವಸಿನ ಪ್ರತಿ ಬೆರಳನ್ನೂ ಟೆಕ್ನೀಷಿಯನ್ ಮೂರು ಸಲ ಜಗ್ಗಿ ನೋಡಲೇಬೇಕು, ಅದು ನಿಯಮ. ಅವನು ಕಿರುಬೆರಳನ್ನು ಕೊನೆಗೆ ಉಳಿಸಿಕೊಂಡ. ಮೊದಲ ಸಲ ಜಗ್ಗಿದಾಗ ಹೆಲ್ಮೆಟ್ಟಿನ ಗಾಜಿನ ಹಿಂದಿನ ಮುಖ ಸುಣ್ಣದಂತೆ ಬಿಳಿಚಿಕೊಂಡಿತು. ಎರಡನೇ ಸಲಕ್ಕೆ, ಕಚ್ಚಿ ಹಿಡಿದಿದ್ದ ತುಟಿ ಒಡೆದು ರಕ್ತ ಗದ್ದಕ್ಕಿಳಿಯಿತು.

"ಇದೇನ್ರೀ, ತುಟೀಲಿ ರಕ್ತ?" ಪಕ್ಕದಲ್ಲಿದ್ದ ಡಾಕ್ಟರು ಕೇಳಿದರು.

"ಏನೂ ಇಲ್ಲ ಡಾಕ್ಟ್ರೇ, ಬೆಳಿಗ್ಗೆ ಎಡವಿ ಬಿದ್ದಿದ್ದೆ."

ಟೆಕ್ನೀಷಿಯನ್ ಮೂರನೇ ಸಲ ಜಗ್ಗಿದ.